ಹಾರನ್ನಿಗೆ ಸರಿಯದವರು

ಕಾರಿನ ಕೀಲಿ ಹಂಸಳ ಸೊಂಟ ಸೇರಿದ್ದು ಅಕಸ್ಮಾತ್ತಾಗಿ. ಅಲ್ಲೇ ಉಳಿದದ್ದು ಮಾತ್ರ ಅಕಸ್ಮಾತ್ತಲ್ಲ.

ಬಿನ್ನಮಂಗಲದ ಮುನಿವೆಂಕಟಪ್ಪನವರು ಮೊಮ್ಮಗ ಪ್ರೇಮ್‌ಕುಮಾರ್ ಪಿಯುಸಿ ಪಾಸಾದ ಸಂತೋಷಕ್ಕೆ ಕೆಂಪು ಕಾರೊಂದನ್ನು ತೆಗೆಸಿಕೊಟ್ಟಿದ್ದರು. ಮೂರನೇ ದರ್ಜೆಗೆ ಕಾರಾದರೆ ಮೊದಲನೇ ದರ್ಜೆಗೆ ಏನು ಕೊಡಬೇಕಾಗುತ್ತಿತ್ತೋ, ಆ ಭಯವನ್ನು ಹುಡುಗ ತಾತನಿಗೆ ಎಂದೂ ಕೊಟ್ಟವನಲ್ಲ. ಅವನಿಗೆ ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳಿತ್ತು. ಲೈಸೆನ್ಸು ಎಂಬುದು ಆ ಮನೆಯಲ್ಲಿ ಗಾಡಿ ಬಂದು ಹಳೆಯದಾದ ಮೇಲೆ ಯಾರೋ ಒಬ್ಬರು ತಂದುಕೊಡುವ ವಸ್ತು. ಹಲಸೂರಿನ ಗುಡಿಯ ಮುಂದೆ ಪೂಜೆಯಾಗುವಾಗ ಪೂಜಾರಿ ಕೀಲಿಯನ್ನು ಆರತಿತಟ್ಟೆಯಲ್ಲಿಟ್ಟು, ಎದುರಿಗೆ ನಿಂತಿದ್ದ ಸೊಸೆಯ ಕೈಗೆ ಕೊಟ್ಟ. ಹಂಸ ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಸೊಸೆಯ ಸೊಂಟದಲ್ಲಿರುವುದನ್ನು ಮಾವ ಮುಟ್ಟುವ ಹಾಗಿಲ್ಲ, ಮಗ ಮುಟ್ಟಿದರೆ ಅಸಹ್ಯ. ಗಂಡ ಶ್ರೀನಾಥ ಮುಟ್ಟಬಹುದಿತ್ತು, ಆದರೆ ಅವನು ಧೈರ್ಯದ ಕೆಲಸಗಳನ್ನು ಬಿಟ್ಟು ಬಹಳ ವರ್ಷವಾಗಿತ್ತು.

ಹಂಸ ಕೀಲಿ ಹಿಡಿದುಕೊಂಡದ್ದಕ್ಕೆ ಕಾರಣವಿತ್ತು. ಯುಗಾದಿಯ ಹೊತ್ತಿಗೆ ಪ್ರೇಮ್ ಚಿಕ್ಕಪ್ಪನ ಜೀಪು ತೆಗೆದುಕೊಂಡು ಹೋಗಿ ಮರ್ಫಿ ಟೌನಿನ ತಿರುವಿನಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತ ಸೈಕಲ್ಲಿನವನೊಬ್ಬನನ್ನು ಕೆಡವಿದ್ದ. ಮೊಣಕಾಲಿನ ಮೂಳೆ ಮುರಿದಿತ್ತು. ಮನೆಯ ಗಂಡಸರು ಹೋಗಿ ಸಂಜೆಯೊಳಗೆ ಮಾತಾಡಿ ಮುಗಿಸಿಕೊಂಡು ಬಂದರು. ಹಂಸ ಮಗನನ್ನು ಕೇಳಿದಾಗ ಅವನು ದೋಸೆ ತಿನ್ನುತ್ತಿದ್ದ.

"ಅವ್ನು ನೋಡ್ಕೊಂಡ್ ಬರ್ಬೇಕಿತ್ತಮ್ಮ. ನನ್ನನ್ನೇನ್ ಕೇಳ್ತೀಯ. ಇನ್ನೊಂದ್ ಹಾಕು."

ಹಂಸ ಇನ್ನೊಂದು ಹಾಕಿದಳು. ಆ ದೋಸೆ ಹಂಚಿನ ಮೇಲಿದ್ದಷ್ಟು ಹೊತ್ತೂ ಅವಳಿಗೆ ಮುರಿದ ಮೂಳೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಹುಡುಗನ ಹಸಿವು.

ಹೀಗಾಗಿ ಕಾರು ಅಂಗಳದಲ್ಲಿ ಹೂವಿನ ಹಾರ ಬಾಡಿಸಿಕೊಂಡು ನಿಂತಿತು, ಮನೆಯೊಳಗೆ ಯುದ್ಧ ನಡೆಯಿತು.

"ಕೀ ಕೊಡಮ್ಮ ಹುಡುಗನಿಗೆ," ಎಂದರು ಮುನಿವೆಂಕಟಪ್ಪನವರು.

"ಕೊಡ್ತೀನಿ ಮಾವ. ಗಾಡಿ ಓಡ್ಸಕ್ಕೆ ಬರುತ್ತೆ ಅಂತ ಯಾರಾದ್ರೂ ಹೇಳ್ಲಿ."

"ನಾನ್ ಹೇಳ್ತಾ ಇದೀನಲ್ಲ."

"ಪಾಸಾಗ್ತಾನೆ ಅಂತಾನೂ ನೀವೇ ಹೇಳಿದ್ರಿ. ಎರಡು ಸಲ ಹೇಳಿದ್ರಿ, ಸಪ್ಲಿಮೆಂಟ್ರಿ ಬರೆದು ಬರೆದು ಮೂರನೇ ಸಲಕ್ಕೆ ಆದ."

ಮುನಿವೆಂಕಟಪ್ಪನವರಿಗೆ ಕಿವಿ ಮಂದ. ಆದರೆ ಅದು ಬುದ್ಧಿವಂತ ಮಂದ. ಬಾಡಿಗೆದಾರ ಮೆಟ್ಟಿಲ ಕೆಳಗೆ ಪಿಸುಗುಟ್ಟಿದ್ದು ಕೇಳುತ್ತಿತ್ತು, ಸೊಸೆ ಎದುರು ನಿಂತು ಹೇಳಿದ್ದು ಕೇಳುತ್ತಿರಲಿಲ್ಲ. ಅವರು ತೊಲೆಯನ್ನು ನೋಡುತ್ತ, "ಕಾಕ್ಸ್ ಟೌನಿಂದ ಹೆಣ್ಣು ತರಬೇಡ ಅಂದ್ರು ನಮ್ಮಪ್ಪ. ಕೇಳ್ಲಿಲ್ಲ," ಎಂದು ತೊಲೆಗೆ ಹೇಳಿದರು.

ಅತ್ತೆ ಅಣ್ಣಮ್ಮ ಒಳಗಿನಿಂದ, "ಗಂಡ್ ಮಕ್ಳು ಗಾಡಿ ಓಡಿಸ್ದೆ ಹೂವ ಕಟ್ಟಕ್ಕಾಗುತ್ತೇನಮ್ಮ," ಎಂದಳು.

"ಹೂವ ಕಟ್ಟಿದ್ರೆ ಯಾರ ಕಾಲೂ ಮುರಿಯಲ್ಲ ಅತ್ತೆ," ಎಂದಳು ಹಂಸ. ಅಂದು ರಾತ್ರಿ ಅವಳಿಗೆ ಸಾರಿನ ತಳದ ಗಸಿಯೇ ಬಂತು.

ಒಪ್ಪಂದಕ್ಕೆ ದಾರಿ ತೋರಿಸಿದ್ದು ಸಿ.ಎಂ.ಎಚ್. ರಸ್ತೆ ನೂರಡಿ ರಸ್ತೆಗೆ ಸೇರುವ ಮೂಲೆಯಲ್ಲಿ ಅವರದೇ ಆದ ಕಟ್ಟಡ. ಮನೆಯಲ್ಲಿ ಲೆಕ್ಕ ಬಲ್ಲವಳು ಅವಳೊಬ್ಬಳೇ ಎಂದು ಬಾಡಿಗೆ ವಸೂಲಿ ಹಂಸಳ ಪಾಲಿಗಿತ್ತು. ಎರಡನೇ ಮಹಡಿಯಲ್ಲಿ ಫ್ರೇಜರ್ ಟೌನಿನ ಆಸಿಮ್ ಎಂಬಾತ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಅವನ ತಂಗಿ ನಾಜಿಶ್ ಕಂಪ್ಯೂಟರ್ ಓದಿದವಳು. ಶಿವಾಜಿನಗರದ ಗುಜರಿಯಿಂದ ಒಂದು ಕಾರಿನ ಸೀಟು, ಸ್ಟೇರಿಂಗು, ಮೂರು ಪೆಡಲ್ಲು ತಂದು, ಎದುರಿಗೆ ಮೂರು ಟಿವಿ ಜೋಡಿಸಿ, ಅದರೊಳಗೆ ಇಂದಿರಾನಗರವನ್ನೇ ಕೂರಿಸಿದ್ದಳು. ಕೂತು ಓಡಿಸಿದರೆ ನೂರಡಿ ರಸ್ತೆ ಎದುರಿಗೆ ಬರುತ್ತಿತ್ತು. ಬಸ್ಸು, ಆಟೋ, ಹಸು, ಶಾಲೆಯ ಮಕ್ಕಳು ಅಡ್ಡ ಬರುತ್ತಿದ್ದರು. ಹದಿಹರೆಯದವರು ನಿಜವಾದ ರಸ್ತೆಗಿಳಿಯುವ ಮುಂಚೆ ಯಾರಿಗೂ ಪೆಟ್ಟಾಗದ ಹಾಗೆ ಇಲ್ಲಿ ಇಡೀ ಊರನ್ನು ಗುದ್ದಿ ಕಲಿಯಲಿ ಎಂಬುದು ಅವಳ ಆಲೋಚನೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಮಾರ್ಕು ಬೀಳುತ್ತಿತ್ತು. ಎಂಬತ್ತು ಬಂದರೆ ಪಾಸು.

"ಎಂಬತ್ತು ತರ್ಲಿ. ಅವತ್ತೇ ಕೀ ಕೊಡ್ತೀನಿ," ಎಂದಳು ಹಂಸ.

ನಮ್ಮದೇ ಕಟ್ಟಡ, ನಮ್ಮದೇ ಬಾಡಿಗೆದಾರ, ಇದರಲ್ಲಿ ಏನು ಕಷ್ಟ ಎಂದು ಮಾವ ಒಪ್ಪಿದರು.

ಮೊದಲ ದಿನ ಪ್ರೇಮ್‌ಗೆ ಬಂದದ್ದು ಇಪ್ಪತ್ತೆರಡು. ಹೂವಿನ ಬುಟ್ಟಿಯವಳು, ಇಬ್ಬರು ಶಾಲೆಯ ಹುಡುಗರು, ಒಂದು ಹಸು ಅವನ ಚಕ್ರದಡಿ ಹೋಗಿದ್ದರು. ಮನೆಗೆ ಬಂದವನೇ ತಾತನ ಕಿವಿಯ ಹತ್ತಿರ ಕೂತ.

"ಅದ್ರಲ್ಲಿರೋರೆಲ್ಲ ಕಿವುಡ್ರು ತಾತ. ಎಷ್ಟ್ ಹಾರನ್ ಹೊಡೆದ್ರೂ ಒಬ್ನೂ ಸರಿಯಲ್ಲ."

ಮುನಿವೆಂಕಟಪ್ಪನವರಿಗೆ ಇದು ನ್ಯಾಯವಾದ ದೂರೆನಿಸಿತು. ಎರಡು ಮಹಡಿ ಹತ್ತಿ ಹೋದರು. ಬಾಡಿಗೆ ವಸೂಲಿಯ ನೆಪದಲ್ಲಿ ಹಂಸ ಹಿಂದೆಯೇ ಹೋದಳು.

"ಹಾರನ್ ಹೊಡೆದ್ರೆ ಸರಿಯಲ್ಲ ಅಂದ್ರೆ ಅದ್ಯಾವ ಬೆಂಗ್ಳೂರಮ್ಮ? ದಿನಾ ರಸ್ತೇಲಿ ನೋಡಲ್ವಾ ನೀನು? ಹಾರನ್ ಹೊಡೀತಾರೆ, ಜನ ಓಡ್ತಾರೆ. ಇದನ್ನ ಸರಿ ಮಾಡು."

"ಹಾರನ್ ಅನ್ನೋದು ಬ್ರೇಕ್ ಅಲ್ಲ ತಾತ," ಎಂದಳು ನಾಜಿಶ್. "ಜನ ಓಡಿ ಬದುಕಿಕೊಳ್ಳೋದು ಅವರ ಪುಣ್ಯ. ಅದಕ್ಕೆ ನಿಮ್ಮ ಹುಡುಗನಿಗೆ ಯಾಕೆ ಮಾರ್ಕ್ಸ್ ಕೊಡ್ಲಿ?"

"ಏನಂದ್ಲು?"

"ಸರಿ ಮಾಡ್ತೀನಿ ಅಂದ್ಲು ಸಾರ್," ಎಂದ ಆಸಿಮ್. ಅವನ ಬಾಡಿಗೆ ಕರಾರು ಆ ತಿಂಗಳೇ ಮುಗಿಯುವುದರಲ್ಲಿತ್ತು.

ನಾಜಿಶ್ ಸರಿ ಮಾಡಿದಳು, ಕೋಪದಲ್ಲಿ ಮಾಡಿದಳು. ಹಾರನ್ ಒತ್ತಿದ ಕೂಡಲೇ ಹೂವಿನವಳು ಬುಟ್ಟಿ ಸಮೇತ ಮಿಡತೆಯ ಹಾಗೆ ಫುಟ್‌ಪಾತಿಗೆ ಹಾರಿದಳು, ಮಕ್ಕಳು ಹಾರಿದರು, ಹಸುವೂ ಹಾರಿತು. ಪ್ರೇಮ್ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಹಾರನ್ನು ಹಿಡಿದು ನೂರಡಿ ರಸ್ತೆಯನ್ನು ಗುಡಿಸಿಕೊಂಡು ಹೋದ. ತೊಂಬತ್ನಾಲ್ಕು ಬಂತು. ಅವನ ಜೀವನದಲ್ಲಿ ಯಾವ ಪರೀಕ್ಷೆಯಲ್ಲೂ ಅಷ್ಟು ಬಂದಿರಲಿಲ್ಲವಾದ್ದರಿಂದ ಮನೆಯಲ್ಲಿ ಪಾಯಸವಾಯಿತು.

ಪಾಯಸ ಬಡಿಸುತ್ತ ಹಂಸ ಹೇಳಿದಳು: "ಭಾನುವಾರ ಎಲ್ರೂ ಹೋಗೋಣ ಮಾವ. ನಿಮ್ಮ ಎದುರಿಗೆ ಇನ್ನೊಂದ್ಸಲ ಓಡಿಸ್ಲಿ. ಅಲ್ಲೇ ನಿಮ್ಮ ಕೈಯಿಂದಾನೇ ಕೀ ಕೊಡಿ."

ಮಾವ ಒಂದು ಕ್ಷಣ ಅವಳನ್ನು ನೋಡಿದರು. ಸೋತವರು ಇಷ್ಟು ಮರ್ಯಾದೆಯಾಗಿ ಸೋಲುವುದನ್ನು ಅವರು ನೋಡಿರಲಿಲ್ಲ. ಆದರೂ ಹತ್ತು ಜನರೆದುರು ಕೊಡುವ ಕೈ ತಮ್ಮದಾಗುತ್ತದೆಂದರೆ ಬೇಡವೆನ್ನುವ ಸ್ವಭಾವ ಅವರದಲ್ಲ.

ಮಾರನೆಯ ಬೆಳಿಗ್ಗೆ ಹಂಸ ಒಬ್ಬಳೇ ನಾಜಿಶ್ ಎದುರು ಕೂತಿದ್ದಳು.

"ಎಲ್ರೂ ಹಾರ್ತಾರಲ್ಲ, ಹಾರ್ಲಿ. ಹಾರದೇ ಇರೋನು ಒಬ್ಬನ್ನ ಹಾಕಕ್ಕಾಗುತ್ತಾ?"

"ಆಗುತ್ತೆ ಆಂಟಿ. ಆದ್ರೆ ನಮ್ಮಣ್ಣ ನನ್ನ ಕೊಂದ್ಬಿಡ್ತಾನೆ. ನಿಮ್ಮ ಮಾವ ನಮ್ಮಿಬ್ಬರನ್ನೂ."

"ವಯಸ್ಸಾದೋರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು. ಕತ್ತು ತಿರುಗಿಸಿ ಗಾಡಿ ಬರ್ತಿದೆಯಾ ಅಂತ ನೋಡಲ್ಲ. ಒಂದು ಕೈ ಹೀಗೆ ಅಡ್ಡ ಹಿಡ್ಕೊಂಡು ಸೀದಾ ನಡೀತಾರೆ. ಹಾರನ್ ಹೊಡೆದ್ರೆ ಹೆಜ್ಜೆ ಇನ್ನೂ ನಿಧಾನ ಮಾಡ್ತಾರೆ."

ನಾಜಿಶ್‌ಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಈ ಕಿಟಕಿಯಿಂದ ಕೆಳಗೆ ನೋಡಿದರೆ ಅಂಥವರೊಬ್ಬರು ದಿನವೂ ಕಾಣುತ್ತಿದ್ದರು.

ನೂರಡಿ ರಸ್ತೆ ಆಗುವ ಮುಂಚೆ ಅಲ್ಲಿ ಮುನಿವೆಂಕಟಪ್ಪನವರ ತಂದೆಯ ರಾಗಿ ಹೊಲವಿತ್ತು. ಬಡಾವಣೆಗೆಂದು ಸರ್ಕಾರ ಅದನ್ನು ತೆಗೆದುಕೊಂಡಿತು, ಇವರು ಪರಿಹಾರ ತೆಗೆದುಕೊಂಡರು, ಹೊಲವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸ್ವಂತ ಹೊಲದಲ್ಲಿ ಯಾರಾದರೂ ಎರಡೂ ಕಡೆ ನೋಡಿ ನಡೆಯುತ್ತಾರೆಯೇ? ಅಂಗೈಯನ್ನು ಬದಿಗೆ ಚಾಚಿ, ಊರ ದನಗಳನ್ನು ತಡೆಯುವವರ ಹಾಗೆ ದಾಟುತ್ತಿದ್ದರು. ಆ ಭಾಗದ ಆಟೋದವರು, ಬಸ್ಸಿನವರು ಬಯ್ದುಕೊಂಡು ನಿಲ್ಲಿಸುತ್ತಿದ್ದರು. ಆ ಬಯ್ಗುಳವೂ ಅವರಿಗೆ ಕೇಳಿಸದ ಜಾತಿಯದು.

"ಎಷ್ಟು ಎತ್ತರ ಇರ್ಲಿ ಆಂಟಿ?" ಎಂದಳು ನಾಜಿಶ್, ಪರದೆಯಿಂದ ಕಣ್ಣು ತೆಗೆಯದೆ.

"ಕಮ್ಮಿ ಮಾಡ್ಬೇಡ. ಬೇಜಾರ್ ಮಾಡ್ಕೋತಾರೆ."

ಭಾನುವಾರ ಅಣ್ಣಮ್ಮ ಸ್ಟೇರಿಂಗಿಗೆ ಅರಿಶಿನ ಕುಂಕುಮ ಹಚ್ಚಿ, ಮಧ್ಯದ ಟಿವಿಗೆ ಸೇವಂತಿಗೆ ಹಾಕಿದಳು. ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು ಎಂಬ ಚರ್ಚೆ ತುಸು ಹೊತ್ತು ನಡೆದು, ಕೊನೆಗೆ ಅದನ್ನು ಆಸಿಮ್‌ನ ಕೈಗೆ ಕೊಟ್ಟರು. ಅವನು ಕಾರ್ಯಕ್ರಮ ಮುಗಿಯುವವರೆಗೂ ಅದನ್ನು ಹಿಡಿದೇ ನಿಂತಿದ್ದ. ಮುನಿವೆಂಕಟಪ್ಪನವರು ಇಸ್ತ್ರಿ ಮಾಡಿದ ಪಂಚೆ, ಜರಿಯಂಚಿನ ಟವಲ್ಲಿನಲ್ಲಿ ಕುರ್ಚಿಯ ಮೇಲೆ ಕೂತರು. ಶ್ರೀನಾಥ ಬಾಗಿಲ ಹತ್ತಿರ, ಯಾವ ಕಡೆಗೂ ಹೋಗಲು ಅನುಕೂಲವಾದ ಜಾಗದಲ್ಲಿ ನಿಂತ. ಹಂಸ ಕೀಲಿಯನ್ನು ತೆಗೆದು ಅತ್ತೆಯ ಆರತಿತಟ್ಟೆಯಲ್ಲಿಟ್ಟಳು.

ಪ್ರೇಮ್ ಹೊರಟ. ಹಾರನ್ ಹೊಡೆದ, ಹೂವಿನವಳು ಹಾರಿದಳು. ತಾತ ತೊಡೆ ತಟ್ಟಿದರು. ಮಕ್ಕಳು ಹಾರಿದರು, ಹಸು ಹಾರಿತು. ನೂರಡಿ ರಸ್ತೆಯ ಮೊದಲ ತಿರುವಿನಲ್ಲಿ ಬಿಳಿ ಪಂಚೆಯೊಂದು ಎಡಗಡೆಯಿಂದ ಇಳಿಯಿತು. ಅಂಗೈ ಚಾಚಿತ್ತು, ಕತ್ತು ನೆಟ್ಟಗಿತ್ತು. ಪ್ರೇಮ್ ಹಾರನ್ ಹೊಡೆದ. ಪಂಚೆ ಸರಿಯಲಿಲ್ಲ. ಅವನು ಹೆಬ್ಬೆರಳನ್ನು ಹಾರನ್ನಿನ ಮೇಲೆ ಒತ್ತಿ ಹಿಡಿದ. ಪಂಚೆಯ ಹೆಜ್ಜೆ ನಿಧಾನವಾಯಿತು. ಧಡ್ ಎಂದು ಶಬ್ದವಾಗಿ ಮೂರೂ ಟಿವಿಗಳು ಕೆಂಪಾದವು; ಟವಲ್ಲು ಮಾತ್ರ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು. ಅದು ನಾಜಿಶ್‌ಳ ಸ್ವಂತ ಸೇರ್ಪಡೆ, ಹಂಸ ಹೇಳಿದ್ದಲ್ಲ.

ಅಣ್ಣಮ್ಮನ ಕೈ ತಾಳಿಗೆ ಹೋಯಿತು. ಐವತ್ತು ವರ್ಷ ಹಿಂದೆ ಹಿಂದೆ ನಡೆಯುತ್ತ ನೋಡಿದ ನಡಿಗೆಯನ್ನು ಅವಳು ಗುರುತು ಹಿಡಿಯದಿದ್ದರೆ ಇನ್ನು ಯಾರು ಹಿಡಿದಾರು. ಶ್ರೀನಾಥ ನೆಲ ನೋಡಿದ. ಗೊತ್ತಾಗದೆ ಉಳಿದವರು ಒಬ್ಬರೇ. ತಮ್ಮ ನಡಿಗೆಯನ್ನು ತಾವು ಎಂದೂ ನೋಡಿರದವರು.

"ಯಾವನೋ ಅವ್ನು?" ಎಂದರು ಮುನಿವೆಂಕಟಪ್ಪನವರು. "ಹುಡುಗ ಅಷ್ಟು ಹಾರನ್ ಹೊಡೀತಾವ್ನೆ, ದೊರೆ ಥರ ಹೋಗ್ತಾನಲ್ಲ. ಇದು ಹುಡುಗನ ತಪ್ಪಲ್ಲ. ಅವನ್ದೇ ತಪ್ಪು."

"ನೀವೇ ಒಂದ್ಸಲ ಓಡಿಸಿ ನೋಡಿ ಮಾವ. ನಿಮಗೆ ಟ್ರ್ಯಾಕ್ಟರ್ ಅಭ್ಯಾಸ ಇದೆಯಲ್ಲ," ಎಂದಳು ಹಂಸ.

"ಸುಮ್ನಿರೇ," ಎಂದ ಶ್ರೀನಾಥ. ಆ ವರ್ಷ ಅವನು ಹೆಂಡತಿಗೆ ಎದುರು ಹೇಳಿದ ಮೊದಲ ಮಾತು, ತುಸು ತಡವಾಗಿ ಬಂತು.

ಮಾವ ಆಗಲೇ ಪಂಚೆ ಎತ್ತಿ ಕಟ್ಟಿ ಸೀಟಿನಲ್ಲಿ ಕೂತಿದ್ದರು. ಎತ್ತಿನಗಾಡಿಯ ವೇಗದಲ್ಲಿ ಹೊರಟರು. ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಇಂದಿರಾನಗರವೆಲ್ಲ ಅವರ ಎರಡೂ ಬದಿಗೆ ಹಾರುತ್ತ ದಾರಿ ಬಿಟ್ಟಿತು. ತಿರುವಿನಲ್ಲಿ ಪಂಚೆ ಇಳಿಯಿತು. ಅಂಗೈ ಚಾಚಿ ಬಂತು.

"ಸರಿಯೋ. ಏಯ್, ಸರಿಯೋ ಪಕ್ಕಕ್ಕೆ." ಮುನಿವೆಂಕಟಪ್ಪನವರು ಟಿವಿಗೆ ಹೇಳಿದರು. ಪಂಚೆ ನಿಧಾನ ಮಾಡಿತು. "ನೋಡು ಹೆಂಗೆ ಕೈ ಅಡ್ಡ ಹಿಡೀತಾನೆ. ಏನ್ ಇವರಪ್ಪಂದಾ ರಸ್ತೆ?"

ಧಡ್. ಟಿವಿಗಳು ಕೆಂಪಾದವು.

"ಹೌದು ಮಾವ," ಎಂದಳು ಹಂಸ. "ಇವರಪ್ಪಂದೇ. ರಾಗಿ ಬೆಳೀತಿದ್ರಂತೆ."

ಈ ಮಾತು ಅವರಿಗೆ ಮೊದಲ ಸಲಕ್ಕೇ ಕೇಳಿಸಿತು.

ಅವರು ಸೀಟಿನಿಂದ ಏಳಲಿಲ್ಲ. "ಇನ್ನೊಂದ್ಸಲ ತೋರ್ಸು," ಎಂದರು ನಾಜಿಶ್‌ಗೆ. ಅವಳು ತೋರಿಸಿದಳು. ಪಂಚೆ ಇಳಿಯಿತು, ಅಂಗೈ ಚಾಚಿತು, ನಡೆಯಿತು, ಹೋಯಿತು. ಟವಲ್ಲು ಹಾರಿತು. ಆಸಿಮ್ ನಿಂಬೆಹಣ್ಣು ಹಿಸುಕುತ್ತ ಬೇರೆ ಬಾಡಿಗೆ ಜಾಗಗಳನ್ನು ಮನಸ್ಸಿನಲ್ಲೇ ಹುಡುಕತೊಡಗಿದ.

ಮುನಿವೆಂಕಟಪ್ಪನವರು ಸೀಟಿನಲ್ಲೇ ಹೊರಳಿ ಮೊಮ್ಮಗನ ಕಡೆ ತಿರುಗಿದರು.

"ನಿಂಗೆ ಗೊತ್ತಾಗಿತ್ತೇನೋ, ಅದು ನಾನು ಅಂತ?"

ಪ್ರೇಮ್ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಬೇಕಾದ ಸಂದರ್ಭ ಇದೆಂದು ಅವನಿಗೆ ತೋಚಲೇ ಇಲ್ಲ. "ಗೊತ್ತಾಯ್ತಲ್ಲ ತಾತ, ಆ ಕೈ ನೋಡಿದ ತಕ್ಷಣ. ಅದಕ್ಕೇ ಜೋರಾಗಿ ಹಾರನ್ ಹೊಡ್ದೆ."

"ಬ್ರೇಕು?"

"ಸರೀತೀಯ ಅಂದ್ಕೊಂಡೆ."

ತಾತ ಸ್ಟೇರಿಂಗಿನ ಮೇಲಿದ್ದ ಕೈ ತೆಗೆದರು.

"ಕಂಪ್ಯೂಟರ್ ತಾತ ಅದು. ನೀನಾ ಅದು?" ಎಂದ ಪ್ರೇಮ್, ಎಲ್ಲರ ಮುಖ ನೋಡಿ. "ಇದೆಲ್ಲ ಅಮ್ಮಂದು ನಾಟಕ. ಬೇಕು ಅಂತಾನೇ ಮಾಡ್ಸಿದಾಳೆ."

"ಅದು ನಂಗೂ ಗೊತ್ತಾಯ್ತು ಬುಡು." ಮುನಿವೆಂಕಟಪ್ಪನವರು ಎದ್ದು ಪಂಚೆ ಇಳಿಬಿಟ್ಟರು. ಹೆಂಡತಿಯ ತಟ್ಟೆಯಲ್ಲಿದ್ದ ಕೀಲಿಯನ್ನು ಎತ್ತಿ ಸೊಸೆಯ ಕಡೆ ಚಾಚಿದರು, ಅವಳ ಮುಖ ನೋಡದೆ. "ಎಲ್ಲಿತ್ತೋ ಅಲ್ಲೇ ಇಟ್ಕೋ." ಆಮೇಲೆ, ಬಾಗಿಲ ಹತ್ತಿರ ಹೋಗಿ, ಈಗ ನೇರವಾಗಿ ಅವಳನ್ನೇ ನೋಡುತ್ತ: "ನನ್ನ ಸಾಯ್ಸಕ್ಕೆ ನನ್ನ ಬಿಲ್ಡಿಂಗೇ ಬೇಕಾಗಿತ್ತೇನಮ್ಮ ನಿಂಗೆ?"

ಮನೆಯಲ್ಲಿ ಮುಂದಿನ ವಾರಗಳು ಹೇಗಿದ್ದವೆಂದು ವರ್ಣಿಸುವುದು ಕಷ್ಟವಲ್ಲ, ಯಾರೂ ಮಾತಾಡಲಿಲ್ಲ. ಅಣ್ಣಮ್ಮ ಗಂಡನಿಗೆ ತಲೆಗೆ ನೀರು ಹಾಕಿಸಿ, ಕಣ್ಣೆದುರು ಸತ್ತ ದೋಷಕ್ಕೆ ಗುಡಿಯಲ್ಲಿ ಶಾಂತಿ ಮಾಡಿಸಿದಳು. ಅದರ ಪ್ರಸಾದ ಹಂಸಳಿಗೆ ಬರಲಿಲ್ಲ. ಶ್ರೀನಾಥ ಹಾಸಿಗೆಯನ್ನು ಹಾಲಿಗೆ ಒಯ್ದ, ಬೆನ್ನುನೋವೆಂದು. ಪ್ರೇಮ್ ತಾಯಿಯೊಂದಿಗೆ ಮಾತಾಡಬೇಕಾದಾಗ ಫ್ರಿಜ್ಜಿಗೆ ಹೇಳುತ್ತಿದ್ದ. "ಊಟ ಹಾಕ್ತಾರಂತಾ ಕೇಳು." ತೊಲೆಗೆ ಹೇಳುವ ತಾತನ ಮೊಮ್ಮಗ, ವಿದ್ಯೆ ವಂಶದಲ್ಲೇ ಇತ್ತು.

ಆಸಿಮ್ ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆಗಳನ್ನು ತರಿಸಿದ್ದ. ಒಂದು ಬೆಳಿಗ್ಗೆ ಮುನಿವೆಂಕಟಪ್ಪನವರು ಮತ್ತೆ ಎರಡು ಮಹಡಿ ಹತ್ತಿ ಬಂದರು. ಖಾಲಿ ಮಾಡಿ ಎನ್ನಲಿಲ್ಲ. ನಾಜಿಶ್‌ಗೆ ಹೇಳಿದ್ದಿಷ್ಟು: ಪಂಚೆ ಕೊಳಕಾಗಿದೆ, ಇನ್ನೂ ಬಿಳಿ ಮಾಡಬೇಕು. ಟವಲ್ಲಿಗೆ ಜರಿ ಇರಲಿ. ಇನ್ನು ಮುಂದೆ ಕಲಿಯಲು ಬರುವ ಪ್ರತಿ ಹುಡುಗ ಹುಡುಗಿಯೆದುರೂ ಈ ಮನುಷ್ಯ ರಸ್ತೆ ದಾಟಬೇಕು. ಗುದ್ದಿದವರಿಗೆ ಸೊನ್ನೆ, ಬೇರೆ ಎಷ್ಟೇ ಚೆನ್ನಾಗಿ ಓಡಿಸಿರಲಿ. ಹೀಗೆ ಆ ಮಳೆಗಾಲದಲ್ಲಿ ಇಂದಿರಾನಗರ, ದೊಮ್ಮಲೂರು, ಕೆ.ಆರ್. ಪುರದಿಂದ ಬಂದ ಕಾಲೇಜು ಮಕ್ಕಳೆಲ್ಲ ಬಿನ್ನಮಂಗಲದ ರಾಗಿ ಹೊಲದ ಎದುರು ಬ್ರೇಕು ಹಾಕಿ ನಿಂತು ಕಲಿತರು. ನೋಡಲು ಮುನಿವೆಂಕಟಪ್ಪನವರು ಆಗಾಗ ಬಂದು ಹಿಂದೆ ಕೂರುತ್ತಿದ್ದರಂತೆ. ಈ ಸುದ್ದಿಯನ್ನೂ ಹಂಸಳಿಗೆ ಹೇಳಿದ್ದು ನಾಜಿಶ್. ಮನೆಯಲ್ಲಿ ಹೇಳುವವರು ಯಾರಿದ್ದರು?

ಪ್ರೇಮ್‌ಗೆ ಹದಿನೆಂಟಾಯಿತು. ಎಲ್‌.ಎಲ್‌. ಬಂತು. ಆ ಕಲಿಕಾ ಲೈಸೆನ್ಸನ್ನು ಅಡುಗೆಮನೆಯ ಕಟ್ಟೆಯ ಮೇಲೆ ಎಸೆದು ಫ್ರಿಜ್ಜಿಗೆ ಕೇಳಿದ: "ಈಗ್ಲಾದ್ರೂ ಕೊಡ್ತಾರಂತಾ?"

"ತಾತ ದಾಟ್ತಿರೋವಾಗ ಎಂಬತ್ತು ತರ್ಬೇಕಂತೆ," ಎಂದಳು ಹಂಸ, ಅದೇ ಫ್ರಿಜ್ಜಿಗೆ.

ಅವನು ಬಾಗಿಲು ಬಡಿದು ಹೋದ. ಮಧ್ಯಾಹ್ನ ಫೋನ್ ಬಂತು.

"ಆಂಟಿ, ನಿಮ್ಮ ಹುಡುಗ ಬಂದಿದ್ದ," ಎಂದಳು ನಾಜಿಶ್. "ನಿಲ್ಲಿಸ್ದ. ದೂರದಿಂದಾನೇ ಸ್ಪೀಡ್ ಇಳಿಸ್ಕೊಂಡು ಬಂದು ನಿಲ್ಲಿಸ್ದ. ತಾತ ಪೂರ್ತಿ ದಾಟೋವರ್ಗೂ ಬ್ರೇಕಿಂದ ಕಾಲು ತೆಗೀಲಿಲ್ಲ, ಹಾರನ್ ಮುಟ್ಟಿಲ್ಲ. ಹೂವಿನವಳಿಗೂ ನಿಲ್ಲಿಸ್ದ. ಎಂಬತ್ತೊಂಬತ್ತು."

ಹಂಸ ಗೋಡೆಗೆ ಒರಗಿದಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗಿ ಕೀಲಿಯನ್ನು ಸಡಿಲಿಸಿತು. ಅಂಗಳದಲ್ಲಿ ಗೇಟು ಸದ್ದಾಯಿತು; ಪ್ರೇಮ್‌ನ ಚಪ್ಪಲಿ.

"ಆಂಟಿ, ಇನ್ನೊಂದು ವಿಷ್ಯ. ಹೇಳ್ಲೋ ಬೇಡ್ವೋ ಅಂತ..."

"ಹೇಳು."

"ಹೋಗ್ತಾ ಕೇಳ್ದ. 'ಇದ್ರಲ್ಲಿ ನಮ್ಮಮ್ಮನ್ನೂ ಹಾಕಕ್ಕಾಗುತ್ತಾ' ಅಂತ."

"ಯಾಕಂತೆ?"

"ನಾನೂ ಕೇಳ್ದೆ. ನಕ್ಕೊಂಡ್ ಹೋದ," ಎಂದಳು ನಾಜಿಶ್. "ತಮಾಷೆಗೆ ಇರ್ಬೇಕು ಆಂಟಿ."

ಮಗ ನಡುಮನೆಗೆ ಬಂದು ನಿಂತಿದ್ದ. ಎಂಬತ್ತೊಂಬತ್ತು ಅವನ ಮುಖದಲ್ಲಿತ್ತು. ಹಂಸ ಅವನನ್ನು ನೋಡುತ್ತಲೇ ಫೋನಿನಲ್ಲಿ ಹೇಳಿದಳು.

"ಹಾಕು."

"ಆಂಟಿ?"

"ಹಾಕು. ಅದ್ರಲ್ಲೂ ಎಂಬತ್ತು ಬರ್ಲಿ. ಕೀ ಆಮೇಲೆ ನೋಡೋಣ."

ಆ ಕಡೆ ಕೀಬೋರ್ಡ್ ಎಳೆದುಕೊಂಡ ಸದ್ದಾಯಿತು. ಆಮೇಲೆ ನಾಜಿಶ್ ಕೆಲಸಕ್ಕೆ ಕೂತವರ ಧ್ವನಿಯಲ್ಲಿ ಕೇಳಿದಳು. "ಹಾರನ್ ಹೊಡೆದ್ರೆ ಸರೀಬೇಕಾ?"

"ಬೇಡ."

"ತಾತನ ಥರ ಕೈ ತೋರಿಸ್ಬೇಕಾ?"

"ಅದೂ ಬೇಡ," ಎಂದಳು ಹಂಸ. "ದಾಟೋದೂ ಬೇಡ. ರಸ್ತೆ ಮಧ್ಯ ನಿಂತಿರ್ಲಿ, ಅವನ ಮುಖಾನೇ ನೋಡ್ಕೊಂಡು."